ಕಾರು ಕೈ ಬದಲಾಯಿತು, ಕಾಗದ ಹಳೆಯ ವಿಳಾಸಕ್ಕೇ ಹೋಯಿತು

ಮುಂಬಯಿಯ ತುಳು-ಕನ್ನಡಿಗರಲ್ಲಿ ಹಳೆಯ ಕಾರಿನ ವ್ಯವಹಾರ ಎಷ್ಟೋ ಸಲ ಕುದುರುವುದು ಸಂಘದ ಸಭೆ ಮುಗಿದ ಮೇಲಿನ ಊಟದ ಸಾಲಿನಲ್ಲಿ. 'ಗಾಡಿ ಕೊಡಲಿಕ್ಕುಂಟು, ಒಂದೇ ಕೈಯಲ್ಲಿ ಓಡಿದ್ದು' ಎಂದು ಒಬ್ಬರು ಹೇಳಿದರೆ ಸಾಕು. ಊರು ಯಾವುದು, ಮನೆ ಯಾವುದು ಎಂಬ ಪರಿಚಯದ ಮೇಲೆಯೇ ಮಾತು ಮುಗಿದುಬಿಡುತ್ತದೆ. ಗುರುತು ಪರಿಚಯವಿಲ್ಲದ ದಲ್ಲಾಳಿಯಿಂದ ಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಮಾರುವವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ತಮಗೇ ಗೊತ್ತಿಲ್ಲದ ದೋಷವನ್ನು ಅವರು ಹೇಗೆ ತಾನೇ ಹೇಳಿಯಾರು?

ಹೋಂಡಾ ಸಿಟಿ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1998ರಲ್ಲಿ ಭಾರತಕ್ಕೆ ಬಂದ ಈ ಮಧ್ಯಮ ಗಾತ್ರದ ಕಾರು ಹೋಟೆಲ್ ಉದ್ಯಮಿಗಳಿಂದ ಹಿಡಿದು ಬ್ಯಾಂಕ್ ಅಧಿಕಾರಿಗಳವರೆಗೆ ಅನೇಕರ ಅಚ್ಚುಮೆಚ್ಚಿನದಾಯಿತು. ಅದರ ಬಗ್ಗೆ ಮಾಲಕರ ದೂರುಗಳೂ ಹೊಸತಲ್ಲ. ಐದು ಮಂದಿ ಕುಳಿತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಎತ್ತರದ ಹಂಪುಗಳಲ್ಲಿ ಅಡಿಭಾಗ ಉಜ್ಜುತ್ತದೆ, ಹೆದ್ದಾರಿಯಲ್ಲಿ ಟಯರಿನ ಸದ್ದು ಒಳಗೆ ಕೇಳುತ್ತದೆ, 2014ರಲ್ಲಿ ಬಂದ ಡೀಸೆಲ್ ಮಾದರಿಯಲ್ಲಂತೂ ಇಂಜಿನಿನ ಗಲಾಟೆ ಹೆಚ್ಚು ಎಂಬವು ಅವುಗಳಲ್ಲಿ ಕೆಲವು. ಇವೆಲ್ಲ ಕಿರಿಕಿರಿಯ ಸಂಗತಿಗಳು ಹೌದು. ಆದರೆ ಒಂದು ಭಾನುವಾರ ಬೆಳಿಗ್ಗೆ ಪರಿಚಯದ ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ಕಿಲೋಮೀಟರು ಓಡಿಸಿದರೆ ಇವು ತಾವಾಗಿಯೇ ಹೊರಬೀಳುತ್ತವೆ. ಬೆಲೆಯಲ್ಲಿ ನಾಲ್ಕು ಕಾಸು ಕಡಿಮೆ ಮಾಡಿಸಲು ಅನುಕೂಲವೂ ಆಗುತ್ತದೆ.

ಸದ್ದು ಮಾಡದ ದೋಷಗಳ ಕಥೆ ಬೇರೆ. ಕಾರು ಮಾರಾಟವಾದ ಮೇಲೆ ಯಾವುದೋ ಭಾಗದಲ್ಲಿ ಅಪಾಯಕಾರಿ ದೋಷವಿದೆ ಎಂದು ತಿಳಿದಾಗ ಕಂಪೆನಿಯೇ ಗಾಡಿಯನ್ನು ಕರೆಸಿ ಉಚಿತವಾಗಿ ಸರಿಪಡಿಸಿ ಕೊಡುವ ಕ್ರಮಕ್ಕೆ ರಿಕಾಲ್ ಎನ್ನುತ್ತಾರೆ. ಅದರ ಸೂಚನೆ ಹೋಗುವುದು ಕಂಪೆನಿಯ ದಾಖಲೆಯಲ್ಲಿರುವ ಹೆಸರಿಗೆ. ಕಾರನ್ನು ಎರಡನೆಯವರೋ ಮೂರನೆಯವರೋ ಕೊಂಡು, ಮನೆ ಹತ್ತಿರದ ಗ್ಯಾರೇಜಿನಲ್ಲೇ ಸರ್ವಿಸ್ ಮಾಡಿಸುತ್ತಿದ್ದರೆ ಅವರ ವಿಳಾಸ ಕಂಪೆನಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಮೊದಲ ಮಾಲಕರ ಫೋನ್ ನಂಬರು ಬದಲಾಗಿರುತ್ತದೆ, ಕಟ್ಟಡ ರಿಡೆವಲಪ್‌ಮೆಂಟ್‌ಗೆ ಹೋಗಿರುತ್ತದೆ. ಕಾಗದ ಬಂದರೂ, ಮಾರಿದ ಗಾಡಿಯ ಗೊಡವೆ ಯಾಕೆಂದು ರದ್ದಿಗೆ ಸೇರುತ್ತದೆ.

ಇದರಿಂದ ಆಗಬಹುದಾದ ಅನಾಹುತ ಎಂಥದೆಂಬುದಕ್ಕೆ ಜಪಾನಿನ ಟಕಾಟಾ ಕಂಪೆನಿ ತಯಾರಿಸಿದ ಏರ್‌ಬ್ಯಾಗ್‌ಗಳೇ ಸಾಕ್ಷಿ. ಏರ್‌ಬ್ಯಾಗ್ ಕ್ಷಣಾರ್ಧದಲ್ಲಿ ಉಬ್ಬಲು ಬೇಕಾದ ಅನಿಲವನ್ನು ಉಂಟುಮಾಡುವ ಇನ್‌ಫ್ಲೇಟರ್ ಎಂಬ ಲೋಹದ ಡಬ್ಬಿಯಲ್ಲಿ ಅಮೋನಿಯಂ ನೈಟ್ರೇಟ್ ಇತ್ತು. ವರ್ಷಗಟ್ಟಲೆ ಸೆಕೆ ಮತ್ತು ತೇವಾಂಶಕ್ಕೆ ಸಿಕ್ಕಿದಾಗ ಈ ರಾಸಾಯನಿಕ ಹದಗೆಡುತ್ತದೆ. ಆಗ ಸಣ್ಣ ಡಿಕ್ಕಿಯಾದರೂ ಅದು ಬೇಕಾದ್ದಕ್ಕಿಂತ ರಭಸವಾಗಿ ಉರಿದು ಡಬ್ಬಿ ಸಿಡಿಯಬಹುದು. ಲೋಹದ ಚೂರುಗಳು ಕುಳಿತವರ ಕುತ್ತಿಗೆಗೂ ಮುಖಕ್ಕೂ ನುಗ್ಗಬಹುದು. 2014ರಲ್ಲಿ ಮಲೇಷ್ಯಾದ ಸರವಾಕ್‌ನಲ್ಲಿ ನಡೆದ ಅಪಘಾತದಲ್ಲಿ ಗರ್ಭಿಣಿಯೊಬ್ಬರು ಹೀಗೆಯೇ ಪ್ರಾಣ ಕಳೆದುಕೊಂಡರು. ಅವರ ಕಾರು 2003ರ ಹೋಂಡಾ ಸಿಟಿ. ಅಮೆರಿಕದಲ್ಲಿ ಇಂತಹ ಏರ್‌ಬ್ಯಾಗ್‌ಗಳಿಗೆ ಬಲಿಯಾದವರು 20ಕ್ಕೂ ಹೆಚ್ಚು ಮಂದಿ. 2017ರಲ್ಲಿ ಟಕಾಟಾ ದಿವಾಳಿಯಾಯಿತು.

ಸೆಕೆ ಮತ್ತು ತೇವಾಂಶ ಎಂದೊಡನೆ ಮುಂಬಯಿ, ಚೆನ್ನೈ, ಮಂಗಳೂರು, ಉಡುಪಿ ನೆನಪಾಗಲೇಬೇಕು. ಭಾರತದಲ್ಲಿ ಹೋಂಡಾ ಈ ಕಾರಣಕ್ಕಾಗಿಯೇ 2016ರಲ್ಲಿ 1,90,578, 2017ರಲ್ಲಿ 41,580, 2018ರಲ್ಲಿ 22,834 ಕಾರುಗಳನ್ನು ಕರೆಸಿತು. 2018ರ ಪಟ್ಟಿಯಲ್ಲಿದ್ದ ಕಾರುಗಳು 2013ರಲ್ಲಿ ತಯಾರಾದವು. ಅವುಗಳಲ್ಲಿ 22,084 ಸಿಟಿ ಕಾರುಗಳೇ ಆಗಿದ್ದವು. ಆ ವಯಸ್ಸಿನ ಕಾರುಗಳು ಇಂದು ಎಷ್ಟು ಕೈ ದಾಟಿರಬಹುದು ಎಂಬುದನ್ನು ಓದುಗರೇ ಊಹಿಸಬಹುದು. ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪ ಸರಿಯಾಗಿ ಹತ್ತಿ ಆರುತ್ತದೆ, ಆದ್ದರಿಂದ ಚಿಂತೆಯಿಲ್ಲ ಎನ್ನುವವರಿದ್ದಾರೆ. ಆ ದೀಪ ವಿದ್ಯುತ್ ಸಂಪರ್ಕದ ದೋಷವನ್ನು ಹೇಳೀತೇ ಹೊರತು ಡಬ್ಬಿಯೊಳಗಿನ ರಾಸಾಯನಿಕ ಹದಗೆಟ್ಟದ್ದನ್ನು ಹೇಳದು. ಹಾಗೆಂದು ಭಯಪಟ್ಟು ಏರ್‌ಬ್ಯಾಗಿನ ವಯರನ್ನು ಗ್ಯಾರೇಜಿನಲ್ಲಿ ಕಳಚಿಸುವ ಬುದ್ಧಿವಂತಿಕೆಯೂ ಬೇಡ.

ಏರ್‌ಬ್ಯಾಗ್ ಒಂದೇ ಅಲ್ಲ. ಫ್ಯೂಯೆಲ್ ಪಂಪಿನ ದೋಷದಿಂದ ಇಂಜಿನ್ ಹಠಾತ್ತಾಗಿ ನಿಲ್ಲಬಹುದೆಂಬ ಕಾರಣಕ್ಕೆ ಹೋಂಡಾ 2020, 2021 ಮತ್ತು 2024ರಲ್ಲಿ ಸಿಟಿ ಸಹಿತ ಹಲವು ಮಾದರಿಗಳನ್ನು ಕರೆಸಿತು. ಘಾಟಿ ಇಳಿಯುವಾಗಲೋ ಎಕ್ಸ್‌ಪ್ರೆಸ್ ಹೆದ್ದಾರಿಯ ನಡು ಲೇನಿನಲ್ಲೋ ಇಂಜಿನ್ ನಿಂತರೆ ಗತಿಯೇನು? ಮಾರುತಿ ಕಂಪೆನಿಯೂ 2021ರ ಸೆಪ್ಟೆಂಬರಿನಲ್ಲಿ ಸಿಯಾಜ್, ಎರ್ಟಿಗಾ ಮೊದಲಾದ 1,81,754 ಪೆಟ್ರೋಲ್ ಕಾರುಗಳ ಮೋಟಾರ್ ಜನರೇಟರ್ ಭಾಗವನ್ನು ಪರೀಕ್ಷಿಸಲು ಕರೆ ಕೊಟ್ಟಿತು. ಅದು ಆಗುವ ತನಕ ನೀರು ನಿಂತ ರಸ್ತೆಯಲ್ಲಿ ಓಡಿಸಬೇಡಿ, ವಿದ್ಯುತ್ ಭಾಗಗಳ ಮೇಲೆ ನೇರವಾಗಿ ನೀರು ಹಾಯಿಸಬೇಡಿ ಎಂಬ ಎಚ್ಚರಿಕೆಯನ್ನೂ ನೀಡಿತ್ತು. ಹಿಂದ್‌ಮಾತಾದ ಮಳೆಗಾಲ ಕಂಡವರಿಗೆ ಈ ಎಚ್ಚರಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರು ಕೊಂಡ ಎರಡನೆಯವರಿಗೆ ಅದು ತಲುಪಿತ್ತೇ ಎಂಬುದಷ್ಟೇ ಪ್ರಶ್ನೆ.

ಕಾನೂನಿನ ಬೆಂಬಲ ಇದ್ದೂ ಇಲ್ಲದಂತಿದೆ. 2012ರಿಂದ ವಾಹನ ತಯಾರಕರ ಸಂಘವಾದ ಸಿಯಾಮ್ ರೂಪಿಸಿದ ಸ್ವಯಂಪ್ರೇರಿತ ರಿಕಾಲ್ ನಿಯಮ ನಡೆದುಬಂತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ, ದೋಷಪೂರಿತ ವಾಹನಗಳನ್ನು ಕರೆಸುವಂತೆ ಕಂಪೆನಿಗೆ ಆಜ್ಞೆ ಮಾಡುವ ಅಧಿಕಾರ ಕೇಂದ್ರ ಸರಕಾರಕ್ಕೆ ದೊರೆಯಿತು. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ತಪ್ಪಿದ ಕಂಪೆನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ದಂಡವಿದೆ. ಆದರೆ ಈ ನಿಯಮ ಅನ್ವಯಿಸುವುದು 7 ವರ್ಷದೊಳಗಿನ ವಾಹನಗಳಿಗೆ ಮಾತ್ರ. ಟಕಾಟಾ ಏರ್‌ಬ್ಯಾಗ್ ಹಳತಾದಷ್ಟೂ ಅಪಾಯ ಹೆಚ್ಚು. ಕಾನೂನಿನ ಕಣ್ಣು ಮಾತ್ರ ಹಳತಾದಷ್ಟೂ ಮಂಜಾಗುತ್ತದೆ. ಇದು ವಿಷಾದನೀಯ.

ಆದುದರಿಂದ ಕಾಗದ ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಆರ್‌ಸಿಯಲ್ಲಿ ನಮೂದಾಗಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಕಂಪೆನಿಯ ಜಾಲತಾಣದಲ್ಲಿ ತುಂಬಿದರೆ ಆ ಕಾರಿಗೆ ರಿಕಾಲ್ ಬಾಕಿ ಇದೆಯೇ ಎಂಬುದು ನಿಮಿಷದೊಳಗೆ ತಿಳಿಯುತ್ತದೆ. (ಅದರಲ್ಲಿ ಇಂಗ್ಲಿಷಿನ 'ಐ', 'ಓ', 'ಕ್ಯೂ' ಅಕ್ಷರಗಳು ಬರುವುದಿಲ್ಲ, ಸೊನ್ನೆಯಂತೆ ಕಂಡದ್ದು ಸೊನ್ನೆಯೇ.) ಜಾಲತಾಣ ಒಗ್ಗದವರು ಅಧಿಕೃತ ಸರ್ವಿಸ್ ಸೆಂಟರಿಗೆ ಆರ್‌ಸಿ ಹಿಡಿದುಕೊಂಡು ಹೋದರಾಯಿತು. ಕೊಳ್ಳುವವರಂತೂ ಮುಂಗಡ ಕೊಡುವ ಮುನ್ನವೇ ಇದನ್ನು ಮಾಡಬೇಕು. ಚಾಸಿ ನಂಬರು ಕೇಳಿದರೆ ಮಾರುವವರು ಅವಮಾನವೆಂದು ತಿಳಿಯಬಾರದು. ಮಗಳ ಜಾತಕ ಕೇಳಿದವರ ಮೇಲೆ ಯಾರೂ ಸಿಟ್ಟಾಗುವುದಿಲ್ಲವಷ್ಟೇ.

ಇಲ್ಲಿ ಸಂಘ-ಸಂಸ್ಥೆಗಳಿಗೂ ಒಂದು ಕೆಲಸವಿದೆ. ಉಚಿತ ವೈದ್ಯಕೀಯ ಶಿಬಿರದಲ್ಲಿ ರಕ್ತದೊತ್ತಡ, ಮಧುಮೇಹ ತಪಾಸಣೆಗೆ ಸದಸ್ಯರು ಸಾಲುಗಟ್ಟಿ ನಿಲ್ಲುತ್ತಾರೆ. ಅದೇ ಸಭಾಗೃಹದ ಬಾಗಿಲಲ್ಲಿ ಒಂದು ಮೇಜು ಹಾಕಿ, ಯುವ ವಿಭಾಗದ ಇಬ್ಬರನ್ನು ಮೊಬೈಲ್ ಸಹಿತ ಕುಳ್ಳಿರಿಸಿದರೆ ಸದಸ್ಯರ ಕಾರುಗಳ ಚಾಸಿ ನಂಬರನ್ನೂ ನೋಡಿ ಹೇಳಬಹುದು. ಇದಕ್ಕೆ ಪ್ರಾಯೋಜಕರೂ ಬೇಡ, ಬ್ಯಾನರೂ ಬೇಡ.

ನಿವೃತ್ತಿಯ ಬಳಿಕ ಮುಂಬಯಿಯ ಕಾರನ್ನು ಊರಿಗೆ ಒಯ್ದು, ಮನೆಯಂಗಳದಲ್ಲಿ ಟಾರ್ಪಾಲು ಹೊದೆಸಿ ನಿಲ್ಲಿಸಿದವರೂ ಬಹಳಷ್ಟು ಮಂದಿ. ಮದುವೆಗೋ ದೇವಸ್ಥಾನಕ್ಕೋ ವರ್ಷಕ್ಕೆ ನಾಲ್ಕು ಬಾರಿ ಹೊರಡುವ ಆ ಕಾರಿನ ದಾಖಲೆಯಲ್ಲಿ ಇಂದಿಗೂ ಡೊಂಬಿವಲಿಯದೋ ಬೊರಿವಲಿಯದೋ ಹಳೆಯ ವಿಳಾಸವೇ ಇರುತ್ತದೆ. ಊರಿಗೆ ಒಂದು ಫೋನ್ ಮಾಡಿ ಚಾಸಿ ನಂಬರು ಬರೆದುಕೊಂಡರೆ ಇಲ್ಲಿಂದಲೇ ಪರಿಶೀಲಿಸಬಹುದು. ರಿಕಾಲ್ ಬಾಕಿ ಇದೆಯೆಂದಾದರೆ, ಎಂಎಚ್ ನೋಂದಣಿಯ ಆ ಗಾಡಿಯನ್ನು ಮುಂಬಯಿಗೆ ತರಬೇಕಾಗಿಲ್ಲ. ಊರಿನ ಹತ್ತಿರದ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಕೆಲಸವಾಗುತ್ತದೆ.