ಗಡ್ಡೆಬೆಳೆಯೂ ಉಳುಮೆಯ ಹದವೂ

ಸಿಂಧನೂರು, ಲಿಂಗಸೂಗೂರು, ಮಸ್ಕಿ ಭಾಗಗಳಲ್ಲಿ ಗೆಣಸು, ಗಜ್ಜರಿ, ಮೂಲಂಗಿ ಬೆಳೆಯುವವರು ಫಸಲು ಕುಗ್ಗಿದಾಗ ಬೀಜವನ್ನೂ ಗೊಬ್ಬರವನ್ನೂ ದೂರುವುದುಂಟು. ಉಳುಮೆಯನ್ನು ದೂರುವವರು ವಿರಳ. ಕವಲೊಡೆದ ಗಜ್ಜರಿಯನ್ನು ಕಿತ್ತ ಗುಳಿಯಲ್ಲಿ ಒಂದು ಗೇಣು ಅಗೆದು ನೋಡಿದರೆ ದೋಷವು ಬಹುಮಟ್ಟಿಗೆ ಅಲ್ಲಿಯೇ ಗೋಚರವಾಗುವುದು. (ಕಳಿಯದ ತಿಪ್ಪೆಗೊಬ್ಬರವೂ ಗಜ್ಜರಿಯನ್ನು ಕವಲೊಡೆಸುವುದೆಂಬುದನ್ನು ಮರೆಯಲಾಗದು.)

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರೈಸಿ, ಎಡದಂಡೆಯ ಕಾಲುವೆ ಹರಿದ ಮೇಲೆ ಸಿಂಧನೂರಿನ ಎರೆಭೂಮಿಯು ಬತ್ತದ ಗದ್ದೆಯಾಯಿತು. ಬತ್ತಕ್ಕೆ ಮಣ್ಣನ್ನು ಕೆಸರು ಮಾಡುವುದು ಯುಕ್ತವೇ ಸರಿ. ಮಣ್ಣಿನ ಹೆಂಟೆಗಳು ಒಡೆದು ನೀರು ಇಂಗದೆ ನಿಲ್ಲುವುದು. ಆದರೆ ಅದೇ ಗುಣವು ಮುಂದಿನ ಗಡ್ಡೆಬೆಳೆಗೆ ಕೇಡು. ವರ್ಷವೂ ಒಂದೇ ಆಳಕ್ಕೆ ಕೆಸರು ಕಲಕಿ, ಹಸಿನೆಲದಲ್ಲಿ ಟ್ರ್ಯಾಕ್ಟರು ಓಡಿಸುವುದರಿಂದ, ಆರು ಎಂಟು ಅಂಗುಲಗಳ ಕೆಳಗೆ ಗಟ್ಟಿಪದರವು ಕೂಡುವುದು. ಬೇರು ಅದನ್ನು ಭೇದಿಸಲಾರದು, ಗಾಳಿಯಾಡದು, ಮೇಲಣ ಉಪ್ಪೂ ನೀರಿನೊಡನೆ ಕೆಳಗಿಳಿಯದು. ರೋಟವೇಟರು ಮೇಲ್ಮಣ್ಣನ್ನು ಹಿಟ್ಟಿನಂತೆ ಮಾಡಿ ನೋಟಕ್ಕೆ ಸೊಗಸಾಗಿಸುವುದಾದರೂ ಈ ಪದರವನ್ನು ಮುಟ್ಟಲಾರದು. ಹಿಟ್ಟಾದ ಮಣ್ಣು ಮೊದಲ ಮಳೆಗೇ ಹೆಪ್ಪುಗಟ್ಟುವುದು.

ಇದಕ್ಕೆ ಉಪಾಯವೆಂದರೆ, ಬೆಳೆ ತೆಗೆದು ನೆಲ ಚೆನ್ನಾಗಿ ಒಣಗಿದ ಬಳಿಕ ಉಳಿನೇಗಿಲಿನಿಂದ ಒಂದು ಅಡಿಗಿಂತ ಆಳಕ್ಕೆ ಸೀಳುವುದು. ಮೂರು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ಹಸಿಯಿದ್ದಾಗ ಸೀಳಿದರೆ ಪದರವು ಬಿರಿಯದೆ ಬರಿಯ ಗೀರು ಬೀಳುವುದು, ಬಾಡಿಗೆ ವ್ಯರ್ಥ. ಅನಂತರ ಕುಂಟೆ ಹೊಡೆದು, ಬೋದುಗಳನ್ನು ಮಾಡಿ, ಬೋದಿನ ಮೇಲೆ ನೆಡಬೇಕು.

ಇದೇ ವಿಧಾನವನ್ನು ಲಿಂಗಸೂಗೂರಿನ ತೆಳು ಮಸಾರಿಗೆ ಅನ್ವಯಿಸಲಾಗದು. ಅಲ್ಲಿ ಆಳವಾಗಿ ಮಗುಚಿದರೆ ಗರಸು ಮೇಲೆ ಬಂದು, ಗೆಣಸೂ ನೆಲದೊಳಗೆ ಕಾಯಿಕಟ್ಟುವ ಶೇಂಗಾವೂ ಕೆಡುವುವು. ಮಸ್ಕಿಯ ಸುತ್ತ ಎರೆಯೂ ಮಸಾರಿಯೂ ಅಕ್ಕಪಕ್ಕದಲ್ಲಿವೆ. ಬಾಡಿಗೆಯ ಟ್ರ್ಯಾಕ್ಟರು ಎರಡನ್ನೂ ಒಂದೇ ಆಳಕ್ಕೆ ಉತ್ತು ಹೋಗದಂತೆ ನೋಡಿಕೊಳ್ಳತಕ್ಕದ್ದು. ಎರೆಯನ್ನು ವರ್ಷವೂ ಉಳದೆ, ಕರಿಕೆ ಹೆಚ್ಚಿದಾಗ ಮಾತ್ರ ನೇಗಿಲು ಹೂಡಿ, ಉಳಿದಂತೆ ಕುಂಟೆಯಲ್ಲೇ ತೀರಿಸುತ್ತಿದ್ದ ಹಿರಿಯರ ರೂಢಿಯು ಸೋಮಾರಿತನವಾಗಿರಲಿಲ್ಲ. ಬಿರುಕೊಡೆಯುವ ಎರೆಯು ತನ್ನನ್ನು ತಾನೇ ಕೊಂಚ ಉತ್ತುಕೊಳ್ಳುವುದು.

ಇನ್ನು ಖರ್ಚಿನ ಮಾತು. ವರ್ಷದ ಗುತ್ತಿಗೆಗೆ ಹೊಲ ಹಿಡಿದವನು ಮೂರು ವರ್ಷ ಫಲ ಕೊಡುವ ಉಳುಮೆಗೆ ಹಣ ಹಾಕನು. ಹಾಕೆಂದು ಹೇಳುವುದೂ ನ್ಯಾಯವಲ್ಲ. ಆ ಬಾಡಿಗೆಯನ್ನು ಭೂಮಾಲಿಕರೇ ಕೊಡುವುದು, ಇಲ್ಲವೆ ಗುತ್ತಿಗೆಯನ್ನೇ ಮೂರು ವರ್ಷಕ್ಕೆ ಬರೆದುಕೊಡುವುದು ಉಚಿತ. ಸಂಶಯವಿದ್ದವರು ಬದುವಿನ ಅಂಚಿನಲ್ಲೊಮ್ಮೆ, ಹೊಲದ ನಡುವೆ ಒಮ್ಮೆ ಹಾರೆಯನ್ನು ಊರಿ ನೋಡಬಹುದು.