ಕೊಳೆಯದ ಚಿಂದಿ

ಡಬ್ಲಿನ್‌ಗೆ ಆನ್‌ಸೈಟ್ ಬಂದ ಮೇಲೆ ಮಾಡಿದ ಒಂದು ಪೆದ್ದುತನದ ಬಗ್ಗೆ ಇವತ್ತು ಬರೀಲೇಬೇಕು.

ಮೊನ್ನೆ ವೀಕೆಂಡ್ ಟ್ರೈನ್ ಹತ್ತಿ ಕಿಲ್ಡೇರ್‌ನ ಸಂತ ಬ್ರಿಜಿಡ್ ಬಾವಿಗೆ ಹೋಗಿದ್ದೆ. ಬಾವಿ ಅಂದ್ರೆ ನಮ್ಮ ರಾಟೆ-ಹಗ್ಗದ ಬಾವಿ ಅಲ್ಲ, ಚಿಕ್ಕ ಒರತೆ. ಐರ್ಲೆಂಡಿನಲ್ಲಿ ಇಂಥ ಪವಿತ್ರ ಬಾವಿಗಳು ಸುಮಾರು 3000 ಇವೆಯಂತೆ. ಕಣ್ಣುಬೇನೆಗೊಂದು, ಹಲ್ಲುನೋವಿಗೊಂದು! ಸೂರ್ಯ ಸುತ್ತೋ ದಿಕ್ಕಿನಲ್ಲೇ ಪ್ರದಕ್ಷಿಣೆ ಹಾಕಬೇಕು. ನೀರನ್ನ ಅಡುಗೆಗೆ ಒಯ್ದರೆ ಎಷ್ಟು ಉರಿ ಹಾಕಿದ್ರೂ ಕುದಿಯಲ್ಲ. ಬಟ್ಟೆ ಒಗೆದು ಹೊಲಸು ಮಾಡಿದ್ರೆ ಬಾವಿ ಮುನಿಸಿಕೊಂಡು ಬೇರೆ ಕಡೆ ಹೊರಟುಹೋಗುತ್ತೆ. (ನೀರು ಕಾಪಾಡೋಕೆ ಇದಕ್ಕಿಂತ ಒಳ್ಳೇ ಬೋರ್ಡು ಬೇಕಾ?) 1704ರ ಕಾನೂನು ಬಾವಿಯ ಜಾತ್ರೆಗೆ ಸೇರಿದವರಿಗೆ 10 ಶಿಲ್ಲಿಂಗ್ ದಂಡ ಹಾಕಿತ್ತು, ಕಟ್ಟದಿದ್ರೆ ಚಾಟಿಯೇಟು. ಆಮೇಲೆ ಕುಡಿತ, ಹೊಡೆದಾಟ ನೋಡಿ ಪಾದ್ರಿಗಳೂ ಬೈದರು. ಜನ ಬಿಡಲಿಲ್ಲ.

ಬಾವಿ ಪಕ್ಕದ ಮರದ ತುಂಬಾ ಚಿಂದಿ. ರೋಗಿಯ ಬಟ್ಟೆಯ ಚೂರನ್ನ ನೀರಲ್ಲದ್ದಿ, ನೋವಿರೋ ಜಾಗಕ್ಕೆ ಒತ್ತಿ ಕಟ್ಟೋದು. ಬಟ್ಟೆ ಕೊಳೆತ ಹಾಗೆ ರೋಗ ಕರಗುತ್ತೆ ಅನ್ನೋ ನಂಬಿಕೆ. ಹಳೇ ಕಾಲದಲ್ಲಿ ಉಣ್ಣೆ, ನಾರುಬಟ್ಟೆ... ಮಳೆಗೆ ತಾನಾಗೇ ಕೊಳೀತಿತ್ತು. ಈಗ ನೋಡಿದ್ರೆ ನೈಲಾನ್ ರಿಬ್ಬನ್ನು, ಪ್ಲಾಸ್ಟಿಕ್ಕು! ಇಡೀ ನಂಬಿಕೆ ನಿಂತಿರೋದೇ ಕೊಳೆಯೋದರ ಮೇಲೆ. ಮೂಢನಂಬಿಕೆ ಅಂತ ನಗೋರ ಮೇಲೆ ನಂಗೆ ಸಿಟ್ಟಿಲ್ಲ, ನಾನೂ ಅದೇ ಪಾರ್ಟಿ. ಸಿಟ್ಟು ಬರೋದು ಫೋಟೋಗೋಸ್ಕರ ಕೈಗೆ ಸಿಕ್ಕಿದ್ದು ಕಟ್ಟಿ ಹೋಗೋರ ಮೇಲೆ. ಕಟ್ಟೋದಾದ್ರೆ ಹತ್ತಿ ಕಟ್ಟಿ, ಇಲ್ಲಾಂದ್ರೆ ಕೈಕಟ್ಟಿ ನೋಡಿ ಬನ್ನಿ ಸ್ವಾಮಿ.

ಹೀಗಂದ್ಕೊಂಡೇ, ಅಮ್ಮನ ಮಂಡಿನೋವು ನೆನಪಾಗಿ, ಲ್ಯಾಪ್‌ಟಾಪ್ ಒರೆಸೋಕೆ ಬ್ಯಾಗಲ್ಲಿಟ್ಟಿದ್ದ ಅಮ್ಮನ ಹಳೇ ಸೀರೆ ತುಂಡು ಅದ್ದಿ ಕಟ್ಟಿದೆ. (ನಗಬೇಡಿ.) ಸ್ಟೇಷನ್‌ಗೆ ವಾಪಸ್ ನಡೀತಿದ್ದಾಗ ಹೊಳೀತು, ಅದು ಪಾಲಿಯೆಸ್ಟರ್ ಸೀರೆ! ಇನ್ನು ನೂರು ವರ್ಷ ಆದ್ರೂ ಕೊಳೆಯಲ್ಲ.

ಬಿಚ್ಚೋಣ ಅಂತ ಓಡಿದೆ. ಆದ್ರೆ ಇಲ್ಲಿ ಇನ್ನೊಂದು ನಿಯಮ ಇದೆ: ಕಟ್ಟಿದ ಚಿಂದಿ ಯಾರು ತೆಗೀತಾರೋ ಆ ರೋಗ ಅವರಿಗೇ ಅಂಟುತ್ತೆ. ಇಂಜಿನಿಯರಿಂಗ್ ಓದಿದ ನಾನು ಕೈ ಚಾಚಿಕೊಂಡು ಹತ್ತು ನಿಮಿಷ ನಿಂತಿದ್ದೆ. ಕೊನೆಗೆ, ಅಮ್ಮನ ನೋವಲ್ವಾ, ಬಂದ್ರೆ ಬರ್ಲಿ ಅಂತ ಬಿಚ್ಚಿದೆ.

ಪಕ್ಕದಲ್ಲೇ ಯಾವುದೋ ಮಗುವಿನ ನೈಲಾನ್ ಕಾಲುಚೀಲ ನೇತಾಡ್ತಿತ್ತು. ಅದನ್ನ ಮುಟ್ಟೋ ಧೈರ್ಯ ಮಾತ್ರ ಬರಲಿಲ್ಲ.