ಬೈ ಟು ಕಾಫಿ ಬೇಡ ಎಂದ ಹುಡುಗರು

ಕಳೆದ ತಿಂಗಳು ನಮ್ಮೂರಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದ ಹತ್ತಿರ ಯಾರೋ ದೂರದಿಂದ ತೆಗೆದದ್ದು. ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ಹೆಸರುಪಟ್ಟಿ, ಬೆನ್ನಿಗೆ ಬ್ಯಾಗು ಹಾಕಿಕೊಂಡ ಇಬ್ಬರು ಹುಡುಗರು. ಕೆಳಗೆ ಹೀಗೆ ಬರೆದಿತ್ತು: ‘ಮತಾಂತರದ ಗ್ಯಾಂಗು. ಮಕ್ಕಳು ಬೆಂಗಳೂರಲ್ಲಿದ್ದರೆ ಹುಷಾರ್. ಎಲ್ಲರಿಗೂ ಕಳಿಸಿ.’ ಸಂಜೆಯೊಳಗೆ ಅದು ಪಕ್ಕದ ಮೂರು ಊರಿನ ಗುಂಪಿಗೂ ಹೋಗಿತ್ತು.

ಆ ಮುಖಗಳು ನಮಗೆ ಗೊತ್ತಿದ್ದವು. ನಮ್ಮಲ್ಲಿ ಇಬ್ಬರು ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದೇವೆ. ಬನಶಂಕರಿ ಕಡೆಯ ಬಸ್ಸಿನಲ್ಲಿ ಆ ಹುಡುಗರು ಸಿಕ್ಕಿ ಮಾತಾಗಿತ್ತು. ಒಬ್ಬ ಆಂಧ್ರದ ಗೋದಾವರಿ ಸೀಮೆಯವನು, ಇನ್ನೊಬ್ಬ ಕೊಯಮತ್ತೂರಿನವನು. ಇಬ್ಬರಿಗೂ ಇಪ್ಪತ್ತರ ಆಸುಪಾಸು. ಇಳಿದ ಮೇಲೆ ದರ್ಶಿನಿಗೆ ಕರೆದೆವು, ‘ಬನ್ನಿ, ಬೈ ಟು ಕಾಫಿ ಹೇಳೋಣ.’ ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ಕಾಫಿ ಕುಡಿಯುವುದಿಲ್ಲವಂತೆ. ಟೀ ಕೂಡ ಇಲ್ಲ. ಕೊನೆಗೆ ಬಾದಾಮಿ ಹಾಲು ತರಿಸಿದೆವು. ದಕ್ಷಿಣ ಬೆಂಗಳೂರಿನಲ್ಲಿ ಎರಡು ವರ್ಷ ಇದ್ದು ಫಿಲ್ಟರ್ ಕಾಫಿ ಮುಟ್ಟದೆ ಹೋಗುವುದು ಸಣ್ಣ ತಪಸ್ಸಲ್ಲ ಬಿಡಿ.

ಇವರನ್ನು ಜನ ಮಾರ್ಮನ್ನರು ಎನ್ನುತ್ತಾರೆ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಕಟ್ಟಿದ ಕ್ರೈಸ್ತ ಸಭೆ ಇದು. ಈಗ ಕೇಂದ್ರ ಇರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಮಾರ್ಮನ್ ಎಂಬ ಅಡ್ಡಹೆಸರು ಬೇಡ, ನಮ್ಮ ಪೂರ್ತಿ ಹೆಸರಿನಿಂದ ಕರೆಯಿರಿ ಎಂದು 2018ರಲ್ಲಿ ಅವರ ಮುಖ್ಯಸ್ಥರು ಕೇಳಿಕೊಂಡಿದ್ದರು. ಪೂರ್ತಿ ಹೆಸರು ಉದ್ದ, ಅದಕ್ಕೇ ಇಲ್ಲಿ ಅಡ್ಡಹೆಸರನ್ನೇ ಉಳಿಸಿಕೊಂಡಿದ್ದೇವೆ. ಕಾಫಿ, ಟೀ, ಹೆಂಡ, ತಂಬಾಕು ಬೇಡ ಎಂಬ ನಿಯಮ 1833ರಷ್ಟು ಹಳೆಯದು.

ಈ ಸಭೆಯ ಹುಡುಗರು 18 ತುಂಬಿದ ಮೇಲೆ ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಧರ್ಮಪ್ರಚಾರಕ್ಕೆ ಹೋಗುತ್ತಾರೆ. ಯಾವ ಊರು ಎಂದು ಆರಿಸಿಕೊಳ್ಳುವಂತಿಲ್ಲ, ಕಳಿಸಿದಲ್ಲಿಗೆ ಹೋಗಬೇಕು. ಸಂಬಳ ಇಲ್ಲ. ಹುಡುಗರನ್ನು ‘ಎಲ್ಡರ್’ ಎಂದು ಕರೆಯುತ್ತಾರೆ, ಅಂದರೆ ಹಿರಿಯ. ಮೀಸೆ ಸರಿಯಾಗಿ ಮೂಡದವನಿಗೆ ಹಿರಿಯ ಅಂತ ಹೆಸರು!

ದಿನಚರಿ ಕೇಳಿದರೆ ನಮ್ಮ ಹಾಸ್ಟೆಲ್ ವಾರ್ಡನ್ನರೂ ಬೆಚ್ಚುತ್ತಾರೆ. ಆರೂವರೆಗೆ ಏಳಬೇಕು. ವ್ಯಾಯಾಮ, ಪ್ರಾರ್ಥನೆ, ಓದು ಮುಗಿಸಿ ಹೊರಟರೆ ಊಟದ ಹೊತ್ತು ಬಿಟ್ಟು ರಾತ್ರಿಯವರೆಗೂ ಓಡಾಟ. ಹತ್ತೂವರೆಗೆ ದೀಪ ಆರಬೇಕು. ಸಿನಿಮಾ ಇಲ್ಲ, ಪ್ರೇಮ ಗೀಮ ಇಲ್ಲ. ಜೊತೆಗಾರನನ್ನು ಬಿಟ್ಟು ಒಬ್ಬನೇ ಅಂಗಡಿಗೂ ಹೋಗುವಂತಿಲ್ಲ. ಬಟ್ಟೆ ಒಗೆಯಲು, ದಿನಸಿ ತರಲು, ಮನೆಗೆ ಫೋನ್ ಮಾಡಲು ವಾರಕ್ಕೊಂದು ದಿನ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ, ಉಳಿದ ಊಟದ ದುಡ್ಡು ಬಡವರಿಗೆ. ಏಕಾದಶಿ ಮಾಡುವ ಅಜ್ಜಿಗೆ ಇದನ್ನು ಹೇಳಿದರೆ ‘ಒಳ್ಳೇದೇ ಅಲ್ವಾ’ ಎಂದಾಳು.

‘ಇದರಿಂದ ನಿಮಗೇನು ಸಿಕ್ಕಿತು?’ ಎಂದು ಕೇಳಿದೆವು. ದೊಡ್ಡ ಮಾತು ಬರುತ್ತದೆ ಅಂದುಕೊಂಡಿದ್ದೆವು. ಕೊಯಮತ್ತೂರಿನವನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಊರಲ್ಲಿ ಅಮ್ಮ ಹೇಳಿದರೂ ತನ್ನ ತಟ್ಟೆ ತೊಳೆದವನಲ್ಲ, ಇಲ್ಲಿ ಜ್ವರ ಬಂದ ಜೊತೆಗಾರನಿಗೆ ಗಂಜಿ ಕಾಯಿಸಿದ. ಮೊದಲು ಯಾರಾದರೂ ‘ಬೇಡ ಹೋಗು’ ಎಂದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಈಗ ಹಾಗೆಂದವರಿಗಾಗಿಯೂ ಪ್ರಾರ್ಥನೆ ಮಾಡಿ ಮಲಗುತ್ತಾನೆ. ಗೋದಾವರಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಲವು ದಿನ ಪ್ರಾರ್ಥನೆಯಲ್ಲಿ ಏನೂ ಅನ್ನಿಸುವುದೇ ಇಲ್ಲ, ಆದರೂ ಮಂಡಿ ಊರುತ್ತೇನೆ ಎಂದ. ನಮಗೆ ಆ ಮಾತೇ ಹೆಚ್ಚು ನಿಜ ಅನ್ನಿಸಿತು.

ಹಾಗಂತ ಎಲ್ಲವನ್ನೂ ಹೊಗಳಲು ಕೂತಿಲ್ಲ. 2019ರವರೆಗೆ ಈ ಮಕ್ಕಳು ಮನೆಗೆ ಫೋನ್ ಮಾಡಬಹುದಾಗಿದ್ದದ್ದು ವರ್ಷಕ್ಕೆ ಒಂದೆರಡು ಸಲ ಮಾತ್ರ. ಹತ್ತೊಂಬತ್ತರ ಹುಡುಗನಿಗೆ ಮನಸ್ಸು ಕುಗ್ಗಿದರೆ ಯಾರಿಗೆ ಹೇಳಬೇಕು? ಸದಾ ಪಕ್ಕದಲ್ಲೇ ಇರುವ ಜೊತೆಗಾರ ಆಸರೆಯೂ ಹೌದು, ಕಾವಲೂ ಹೌದು. ಅವಧಿಗೆ ಮೊದಲೇ ವಾಪಸ್ ಬಂದವರನ್ನು ತಮ್ಮವರೇ ಬೇರೆ ಕಣ್ಣಿನಿಂದ ನೋಡುತ್ತಾರೆ ಎಂಬ ಕೊರಗು ಆ ಸಭೆಯ ಒಳಗಿನಿಂದಲೇ ಕೇಳಿಬರುತ್ತದೆ. ನಂಬಿಕೆ ಬೆಳೆಯಬೇಕಾದರೆ ಬಿಟ್ಟು ಬರುವ ಬಾಗಿಲೂ ತೆರೆದಿರಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಇನ್ನೊಂದು ತಕರಾರು ಭಾಷೆಯದು. ಬಸ್ಸಿನಲ್ಲಿ ‘ಮುಂದೆ ಹೋಗಿ’, ‘ಚಿಲ್ರೆ ಕೊಡಿ’ ಎಂಬಷ್ಟು ಕಂಡಕ್ಟರ್ ಕನ್ನಡ ಕಲಿತಿದ್ದರು, ಅಷ್ಟೇ. ನಾವು ಅವರಿಗೆ ಹರ್ಮನ್ ಮೋಗ್ಲಿಂಗ್ ಕತೆ ಹೇಳಿದೆವು. ಬಾಸೆಲ್ ಮಿಷನ್ನಿನ ಆ ಜರ್ಮನ್ ಪಾದ್ರಿ 1836ರಲ್ಲಿ ಕರಾವಳಿಗೆ ಬಂದಾಗ ಅವನಿಗೂ ಇಪ್ಪತ್ತೈದರ ವಯಸ್ಸು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ತಂದ. ಅದು ಕನ್ನಡದ ಮೊದಲ ಪತ್ರಿಕೆ. ಪತ್ರಿಕೋದ್ಯಮ ಓದಿದ ನಾವೆಲ್ಲ ಜುಲೈ 1ರಂದು ಕಾಲೇಜಿನಲ್ಲಿ ಶಾಲು ಹೊದಿಸಿ ಪತ್ರಿಕಾ ದಿನ ಮಾಡುವುದು ಅದಕ್ಕೇ. ಕಿಟೆಲ್ ಬಂದದ್ದು 1853ರಲ್ಲಿ, 21ರ ವಯಸ್ಸಿನಲ್ಲಿ. ಅವನ ನಿಘಂಟು 1894ರಲ್ಲಿ ಬಂತು, ಸುಮಾರು 70 ಸಾವಿರ ಪದ. ಇವರಿಬ್ಬರೂ ಬಂದದ್ದು ಮತ ಹರಡಲಿಕ್ಕೇ. ಆದರೆ ನಮ್ಮ ಕೈಯಲ್ಲಿ ಉಳಿದದ್ದು ಪತ್ರಿಕೆ ಮತ್ತು ನಿಘಂಟು. ಮಾರ್ಮನ್ನರೂ ಈ ದೇಶಕ್ಕೆ ಹೊಸಬರಲ್ಲ. 1853ರಲ್ಲೇ ಅವರ ಪ್ರಚಾರಕರು ಕಲ್ಕತ್ತೆಯಲ್ಲಿ ಇಳಿದು, ಹೆಚ್ಚು ಜನ ಸೇರದೆ ಕೆಲವೇ ವರ್ಷಗಳಲ್ಲಿ ಮರಳಿದರು. ಬೆಂಗಳೂರನ್ನು ಕೇಂದ್ರ ಮಾಡಿಕೊಂಡದ್ದು 1993ರಲ್ಲಿ. ಮೂವತ್ತು ವರ್ಷ ಮೀರಿದೆ, ಕನ್ನಡ ಕಲಿಯಲು ಅಷ್ಟು ಸಾಲದೇ? (ಇದೇ ಪ್ರಶ್ನೆ ನಮ್ಮ ಪಿಜಿಯ ಮುಕ್ಕಾಲು ಜನಕ್ಕೂ ಕೇಳಬಹುದು. ಪಾದ್ರಿಗಳಿಗೆ ಮಾತ್ರ ಕೇಳಿದರೆ ನ್ಯಾಯವಲ್ಲ.)

ಈಗ ಮತಾಂತರದ ಮಾತು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ ಹಕ್ಕಿನ ಜೊತೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆದರೆ ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ರಾಜ್ಯದ 2022ರ ಕಾಯ್ದೆ ಇನ್ನೂ ಬಿಗಿ ಮಾಡಿ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆಮಿಷ, ಒತ್ತಾಯ, ಮೋಸ ನಡೆದರೆ ದೂರು ಕೊಡಿ, ನಾವೂ ಬರೆಯುತ್ತೇವೆ. ಬಸ್ಸಿಗೆ ಕಾಯುತ್ತ ನಿಂತವನ ಫೋಟೊ ಅಪರಾಧದ ಸಾಕ್ಷಿ ಆಗುವುದಿಲ್ಲ.

ನಮಗೆ ಭಯ ಇರುವುದು ಬೇರೆ ಕಡೆ. ಬಿಟಿಎಂನಲ್ಲಿ ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ನಾಲ್ಕು ಮಂಚದ ರೂಮಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ ನಮ್ಮೂರಿನ ಹುಡುಗನನ್ನು ನಾವು ಕಂಡಿದ್ದೇವೆ. ನಾವೇ ಹಾಗೆ ಮಲಗಿದ್ದೂ ಇದೆ. ಆ ಹೊತ್ತಿನಲ್ಲಿ ‘ಊಟ ಆಯ್ತಾ?’ ಎಂದು ಯಾರು ಕೇಳಿದರೂ ಅವರು ನಮ್ಮವರೇ. ಕೇಳುವವನು ಪ್ರಚಾರಕ ಇರಬಹುದು. ನಾವು ಕಂಡಂತೆ ಹೆಚ್ಚಿನ ಸಲ ಅವನು ಚೈನ್ ಮಾರ್ಕೆಟಿಂಗ್ ಏಜೆಂಟು, ಇಲ್ಲವೇ ಸಾಲದ ಆ್ಯಪಿನವನು. ನಮ್ಮ ಪಿಜಿಯಲ್ಲೇ ಒಬ್ಬ ತಂದೆ ಎತ್ತು ಮಾರಿ ಕಳಿಸಿದ ದುಡ್ಡನ್ನು ಅಂಥದ್ದಕ್ಕೆ ಸುರಿದ. ಆ ಏಜೆಂಟನ ಫೋಟೊ ಯಾವ ಗುಂಪಿಗೂ ಬರಲಿಲ್ಲ. ಅವನೂ ಬಿಳಿ ಅಂಗಿಯನ್ನೇ ಹಾಕಿದ್ದ.

ಫೋಟೊ ಊರೂರು ತಿರುಗಿದ ವಾರದಲ್ಲೇ ಜೆಪಿ ನಗರದಲ್ಲಿ ನಾಲ್ಕೈದು ಜನ ಆ ಹುಡುಗರನ್ನು ಅಡ್ಡಗಟ್ಟಿ ಬ್ಯಾಗು ತೆಗೆಸಿ ನೋಡಿದರಂತೆ. ಹೊಡೆಯಲಿಲ್ಲ. ಬ್ಯಾಗಿನಲ್ಲಿ ಪುಸ್ತಕ, ನೀರಿನ ಬಾಟಲಿ, ಒಂದು ಕೊಡೆ ಇತ್ತು. ಆಮೇಲೆ ಒಂದೆರಡು ದಿನ ಹೊರಗೆ ಬರಲಿಲ್ಲ ಎಂದು ಗೋದಾವರಿಯವನು ಹೇಳಿದ. ಮನೆಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ವಿಷಯ ಹೇಳಲಿಲ್ಲವಂತೆ. ಆ ಫೋಟೊದಿಂದಲೇ ಹೀಗಾಯಿತೋ ಇಲ್ಲವೋ ಹೇಳಲಾಗದು. ಆದರೆ ನಮ್ಮೂರಿನಿಂದ ಅದನ್ನು ಮುಂದಕ್ಕೆ ತಳ್ಳಿದ ಬೆರಳುಗಳು ಯಾರವು ಎಂದು ನಮಗೆ ಗೊತ್ತು.

ಗುಂಪಿಗೆ ಮೊದಲು ಹಾಕಿದ್ದು ನಮ್ಮ ದೂರದ ಮಾವ. ಫೋನ್ ಮಾಡಿ ಇಷ್ಟೂ ಹೇಳಿದೆವು. ಜಗಳ ಆಗಬಹುದು ಎಂದು ತಯಾರಾಗಿಯೇ ಇದ್ದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಮಾವ ಕೇಳಿದರು: ‘ಅಲ್ಲ, ಎರಡು ವರ್ಷ ಕಾಫೀನೇ ಕುಡಿಯಲ್ವಾ?’

ಫೋಟೊವನ್ನು ರಾತ್ರಿ ಅಳಿಸಿದರು. ಪಕ್ಕದ ಮೂರು ಊರಿನ ಗುಂಪಿನಲ್ಲಿ ಇನ್ನೂ ಇದೆ.